ಕೇಳಿದವರಿಗೆ ಮಾತ್ರ ಆ ರೇಟು

"ಇದು ನಿಮ್ಮದೇ ಅಂಗಡಿ ತಾನೇ?"

ಅವನು ಮೊಬೈಲನ್ನು ಮಿಕ್ಸಿ ಕೌಂಟರಿನ ಹಿಂದೆ ನಿಂತಿದ್ದ ಅವಳ ಮೂಗಿನ ತುದಿಗೇ ಹಿಡಿದಿದ್ದ. ಎದುರಿನ ಕನ್ನಡಕದಂಗಡಿಯವನು. ಇಷ್ಟು ದಿನ ಗಾಜಿನಾಚೆ ಕಾಣುತ್ತಿದ್ದ ಸೌಮ್ಯ ಮುಖ ಇವತ್ತು ಕೆಂಡಾಮಂಡಲವಾಗಿತ್ತು!

"ಹೌದು ಸರ್..."

"ಅದೇ ಕಂಪನಿ, ಅದೇ ಮಿಕ್ಸಿ. ನಿಮ್ಮದೇ ಆನ್‌ಲೈನಲ್ಲಿ ಒಂದು ರೇಟು, ಅಂಗಡೀಲಿ ಇನ್ನೊಂದಾ? ನಮ್ಮಮ್ಮ ನಿನ್ನೆ ಇಲ್ಲೇ ಜಾಸ್ತಿ ಕೊಟ್ಟು ತಗೊಂಡ್ರು!"

ಆ ಮಿಕ್ಸಿ ಮಾರಿದ್ದು ಅವಳೇ. ಹೋಗುವಾಗ ಆ ತಾಯಿ, "ಚೆನ್ನಾಗಿರಮ್ಮ" ಎಂದು ಬೆನ್ನು ಸವರಿದ್ದರು.

"ಆನ್‌ಲೈನ್ ರೇಟಿಗೆ ಕೊಡಿ ಅಂತ ಕೇಳಿದ್ರೆ ಕೊಡ್ತೀವಿ ಸರ್."

"ಕೇಳದೆ ಇದ್ರೆ?"

"ನಾವಾಗಿ ಹೇಳೋ ಹಾಗಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ."

ಬೈಯಲು ಬಂದವನು ಮೊಬೈಲನ್ನು ಜೇಬಿಗಿಳಿಸಿದ. ಅವಳು ಕಣ್ಣೊರೆಸಿಕೊಂಡಳು. "ದಿನವಿಡೀ ನಿಂತು ಕಾಲು ನೋಯೋದಲ್ಲ ಸರ್... ಗೊತ್ತಿದ್ದೂ ಬಾಯಿ ಮುಚ್ಕೊಂಡಿರಬೇಕಲ್ಲ, ಅದೇ ಸಾಕಾಗಿಹೋಗಿದೆ."

ಅಂದಿನಿಂದ ಅವನು ಆಗಾಗ ಬರತೊಡಗಿದ. ಬಲ್ಬು ನೋಡುವುದು, ಫ್ಯಾನು ನೋಡುವುದು, ಕೊನೆಗೆ ಅವಳನ್ನು ನೋಡುವುದು! ಟಿವಿ ವಿಭಾಗದ ಗೆಳತಿ ಸುಮ್ಮನಿರುತ್ತಾಳೆಯೇ?

"ಏನೇ, ನಿನ್ನ ಗಿರಾಕಿಗೆ ಮನೇಲಿ ಎಷ್ಟು ಬಲ್ಬೇ?"

"ಥೂ, ಹೋಗೇ!"

ಬೈದರೂ, ಅವನು ಬಾರದ ದಿನ ಸಂಜೆಯೇ ಆಗುತ್ತಿರಲಿಲ್ಲ ಅವಳಿಗೆ.

ಅಷ್ಟರಲ್ಲಿ ಒಂದು ವಿಚಿತ್ರ ಶುರುವಾಯಿತು. ಮೊಬೈಲ್ ಮುಟ್ಟಿಯೇ ಗೊತ್ತಿಲ್ಲದ ಅಜ್ಜಂದಿರೂ ಒಳಗೆ ಬಂದವರೇ, "ಆನ್‌ಲೈನ್ ರೇಟಿಗೆ ಕೊಡಮ್ಮ" ಎನ್ನತೊಡಗಿದರು!

ಮ್ಯಾನೇಜರ್ ಅವಳನ್ನು ಕರೆಸಿದರು. "ನೀನೇ ಹೇಳಿಕೊಡ್ತಿದ್ದೀಯ. ಇಂಥವರು ನಮಗೆ ಬೇಡ. ನಾಳೆಯಿಂದ ಬರಬೇಡ."

"ಸರ್, ನನ್ನಾಣೆಗೂ ನಾನಲ್ಲ!"

ಯಾರೂ ಕಿವಿಗೊಡಲಿಲ್ಲ. ಅಪ್ಪ ಹಾಸಿಗೆ ಹಿಡಿದ ಮೇಲೆ ಮನೆ ನಡೆಯುತ್ತಿದ್ದುದೇ ಈ ಸಂಬಳದಲ್ಲಿ. ಇನ್ನು ಅಮ್ಮನಿಗೆ ಏನೆಂದು ಹೇಳುವುದು? ಹೊರಬಂದು ರಸ್ತೆ ದಾಟಿದವಳಿಗೆ ಕಂಡಿದ್ದೇನು!

ಅವನು ತನ್ನಂಗಡಿಯ ಮೆಟ್ಟಿಲ ಮೇಲೆ ನಿಂತು, ಹೊಸ ಕನ್ನಡಕ ಹಾಕಿಕೊಂಡ ಅಜ್ಜಿಯೊಬ್ಬರಿಗೆ ಹೇಳುತ್ತಿದ್ದ. "ಆ ಅಂಗಡಿಗಾ? ಆನ್‌ಲೈನ್ ರೇಟು ಅಂತ ಕೇಳಿ ಅಜ್ಜಿ, ಕೊಡ್ತಾರೆ."

"ಓಹೋ, ನೀವಾ! ನನ್ ಮೇಲೆ ಸೇಡು ತೀರಿಸ್ಕೊಂಡ್ರಾ? ನನ್ ಕೆಲಸ ಹೋಯ್ತು... ಈಗ ಸಮಾಧಾನ ಆಯ್ತಾ?"

ಅವನ ಮುಖ ಬಿಳಿಚಿಕೊಂಡಿತು. ಆ ಅಜ್ಜಿಯನ್ನೂ ಕರೆದುಕೊಂಡು ರಸ್ತೆ ದಾಟಿ, ನೇರವಾಗಿ ಅವಳ ಅಂಗಡಿಯೊಳಗೆ ನುಗ್ಗಿದ.

ಅವಳು ಫುಟ್‌ಪಾತಿನಲ್ಲೇ ಕೂತು ಅಳತೊಡಗಿದಳು.

ಎಷ್ಟೋ ಹೊತ್ತಿನ ಮೇಲೆ ಅವನು ಹೊರಬಂದ. ಹಿಂದೆಯೇ ಗೆಳತಿ ಓಡಿಬಂದಳು. "ನಿನ್ ಕೆಲಸ ಉಳೀತು ಕಣೇ! ಎಲ್ಲಾ ನಂದೇ ಕೆಲಸ, ಅವಳಿಗೇನೂ ಗೊತ್ತಿಲ್ಲ ಅಂತ ಇವರೇ ಆ ಅಜ್ಜೀನ ಸಾಕ್ಷಿಗೆ ನಿಲ್ಲಿಸಿ ಒಪ್ಕೊಂಡ್ರು!" ಎಂದವಳೇ ಇಬ್ಬರನ್ನೂ ಬಿಟ್ಟು ಮತ್ತೆ ಅಂಗಡಿಗೆ ಹೋದಳು.

ಅವಳು ಎದ್ದು ಅವನತ್ತ ತಿರುಗಿದಳು. "ಯಾಕ್ರೀ... ಯಾಕೆ ಹೀಗೆ ಮಾಡಿದ್ರಿ?"

"ನೀವು ಹೇಳೋಕಾಗದ್ದನ್ನ ನಾನು ಹೇಳಿದ್ರೆ, ನಿಮ್ಮ ಮನಸ್ಸು ಸ್ವಲ್ಪ ಹಗುರಾಗುತ್ತೆ ಅಂದ್ಕೊಂಡೆ. ನಿಮ್ಮ ಕತ್ತಿಗೇ ಬರುತ್ತೆ ಅಂತ ಹೊಳೀಲೇ ಇಲ್ಲ. ನೀವಂದ್ರೆ ನಂಗಿಷ್ಟ... ಅದನ್ನ ಹೇಳೋಕೆ ಬರದೆ ಬಲ್ಬು ನೋಡ್ತಾ ಇದ್ದೆ."

ಅಳುವಿನ ನಡುವೆಯೂ ಅವಳಿಗೆ ನಗು ಬಂತು.

"ಇನ್ಮೇಲೆ ನಾನು ನಿಮ್ಮಂಗಡೀಲಿ ಕಾಲಿಡಬಾರದಂತೆ," ಎಂದ ಅವನು, ತಲೆ ತಗ್ಗಿಸಿ. "ನಿಮ್ಮನ್ನ ನೋಡೋಕೂ ಆಗಲ್ಲ."

"ನಾನೇ ಹೊರಗೆ ಬರ್ತೀನಲ್ರೀ... ದಿನಾ ಸಂಜೆ."

"ಸುಸ್ತಾಗಿರುತ್ತಲ್ವಾ ನಿಮಗೆ?"

"ತುಂಬಾ..." ಅವಳು ಮೆಲ್ಲನೆ ಅವನ ಕೈ ಹಿಡಿದುಕೊಂಡಳು. "ಮನೆವರೆಗೂ ಜೊತೆಗೆ ಬರ್ತೀರಾ?"

"ಬರ್ತೀನಿ. ನಿಧಾನಕ್ಕೇ ನಡೆಯೋಣ."