ಗೇಟಿನ ಬಳಿಯ ಬ್ರಷ್

"ಇಳಿಯೇ ಸೈಕಲ್ಲಿಂದ! ಇದು ನಡೆಯೋರ ದಾರಿ, ನಿನ್ನ ಸರ್ಕಸ್ ಮೈದಾನ ಅಲ್ಲ!"

ಮಿಸೆಸ್ ಹ್ಯಾಡೋ ಊರುಗೋಲನ್ನು ಅಡ್ಡ ಹಿಡಿದು ನಿಂತಿದ್ದರು. ಟೆಗನ್ ಗಕ್ಕನೆ ಬ್ರೇಕ್ ಹಿಡಿದಳು. ಹಿಂದೆ ಬರುತ್ತಿದ್ದ ಅವಳ ಗೆಳೆಯ ಡೆಜ್ ಇನ್ನೇನು ಗುದ್ದುವುದರಲ್ಲಿದ್ದ.

"ಬೋರ್ಡಲ್ಲಿ ಸೈಕಲ್ ಚಿತ್ರ ಇದೆಯಲ್ಲಾ, ಕಾಣಲ್ವಾ?" ಎಂದಳು ಟೆಗನ್.

"ಶನಿವಾರದ ತನಕ ಇರತ್ತೆ, ನೋಡ್ಕೋ. ನಿಮ್ಮ ಟೈರಿನ ಕೆಸರಿಂದಾನೇ ನಮ್ಮ ಬ್ಯಾಂಕ್ಸಿಯಾ ಮರ ಒಣಗ್ತಿರೋದು!"

ಮರಗಳು ಒಣಗುತ್ತಿದ್ದದ್ದು ನಿಜ. ಬೇರು ಕೊಳೆಯುವ ರೋಗ. ಕೆಸರಿನ ಜೊತೆ ಅದೂ ಊರು ಸುತ್ತುತ್ತದೆ. ಅದಕ್ಕೇ ಪಾರ್ಕಿನ ಗೇಟಿನಲ್ಲಿ ಬ್ರಷ್ಷು, ಔಷಧಿ ನೀರು ಇಟ್ಟಿದ್ದರು. ಶೂ ಇರಲಿ, ಟೈರಿರಲಿ, ಹೋಗುವಾಗಲೂ ಬರುವಾಗಲೂ ಉಜ್ಜಬೇಕು. ಶನಿವಾರ ನಗರಸಭೆಯ ಪ್ರಯರ್ ಮೇಡಂ ಬಂದು, ಗುಡ್ಡದ ಮೇಲಿನ ದಾರಿಯಲ್ಲಿ ಸೈಕಲ್ ಬಿಡಬೇಕೋ ಬೇಡವೋ ತೀರ್ಮಾನಿಸುವವರಿದ್ದರು. ಆ ದಾರಿ ಹೋದರೆ ಟೆಗನ್‌ಗೆ ಉಳಿಯುವುದು ಮನೆ ಮುಂದಿನ ಸಪ್ಪೆ ಟಾರು ರಸ್ತೆ ಮಾತ್ರ.

"ಈ ನಡೆಯೋರ ಬಣ್ಣ ಬಯಲು ಮಾಡ್ತೀನಿ," ಎಂದಳು ಟೆಗನ್.

ಮರುದಿನ ಬೆಳಿಗ್ಗೆ ನಡೆಯುವವರ ದಂಡು ಬರುವ ಹೊತ್ತಿಗೆ ಇಬ್ಬರೂ ಗಡಿಬಿಡಿಯಲ್ಲಿ ಸೈಕಲ್ ಸಮೇತ ಒಳಗೆ ನುಗ್ಗಿ ಪೊದೆಯ ಹಿಂದೆ ಕೂತರು. ಟೆಗನ್ ಫೋನ್ ಹಿಡಿದಳು.

ಹನ್ನೊಂದು ಜನ. ಕುತ್ತಿಗೆಯಲ್ಲಿ ದುರ್ಬೀನು, ಬಾಯಲ್ಲಿ ಕಾಡು ಉಳಿಸುವ ಭಾಷಣ. ಒಬ್ಬ ಮಹಾಶಯರು ಬಿಸಿ ಬಾಣಲೆ ಮುಟ್ಟಿದ ಹಾಗೆ ಬ್ರಷ್ ಮುಟ್ಟಿ ಕೈ ತೆಗೆದರು. ಇನ್ನೊಬ್ಬರು ಕಾಟಾಚಾರಕ್ಕೆ ಒಂದೇ ಶೂ ಉಜ್ಜಿದರು. ಇನ್ನೊಂದು ಶೂ ಹಾರಿಕೊಂಡು ಹೋಗುತ್ತದೋ ಏನೋ! ಮಿಸೆಸ್ ಹ್ಯಾಡೋ ಅಂತೂ ಸೈಕಲ್ಲಿನವರನ್ನು ಬೈಯುವ ಭರದಲ್ಲಿ ಬ್ರಷ್ಷಿನ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವವರು ಎಲ್ಲ ಊರಿನಲ್ಲೂ ಇರುತ್ತಾರೆ.

ಅಂದು ರಾತ್ರಿ ಊಟಕ್ಕೆ ಕರೆಯುವ ತನಕ ಟೆಗನ್ ಆ ವಿಡಿಯೋ ನೋಡಿದ್ದೇ ನೋಡಿದ್ದು, ನಕ್ಕಿದ್ದೇ ನಕ್ಕಿದ್ದು.

ಶನಿವಾರ ಗೇಟಿನ ಬಳಿ ಎರಡೂ ಕಡೆಯವರು ಸೇರಿದ್ದರು. ಟೆಗನ್ ತನ್ನ ಹಸಿರು ಸೈಕಲ್ ಹಿಡಿದುಕೊಂಡೇ ಪ್ರಯರ್ ಮೇಡಂ ಕೈಗೆ ಫೋನ್ ಕೊಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಸೈಕಲ್ಲಿನವರು ಕೇಕೆ ಹಾಕಿದರು. ಮಿಸೆಸ್ ಹ್ಯಾಡೋ ಮುಖ ಬೀಟ್‌ರೂಟ್ ಆಯಿತು. ಟೆಗನ್‌ಗೆ ಹಾಲು ಕುಡಿದಷ್ಟು ಸಂತೋಷ.

ಮೇಡಂ ನಗಲಿಲ್ಲ. ವಿಡಿಯೋ ನಿಲ್ಲಿಸಿ ಒಂದು ಮೂಲೆ ತೋರಿಸಿದರು.

"ಮರಕ್ಕೆ ಒರಗಿಸಿರೋ ಈ ಹಸಿರು ಸೈಕಲ್ ಯಾರದು?"

ಟೈರಿನ ತುಂಬ ಕೆಸರು. ಅದು ಬ್ಯಾಂಕ್ಸಿಯಾ ಮರದ ಬುಡಕ್ಕೇ ಮೆತ್ತಿಕೊಂಡಿತ್ತು.

ಎಲ್ಲರೂ ಟೆಗನ್ ಕೈಯಲ್ಲಿದ್ದ ಸೈಕಲ್ಲನ್ನೇ ನೋಡಿದರು.

"ನಂದು," ಎಂದಳು ಟೆಗನ್. ಅವಳಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

"ಚಳಿಗಾಲದ ಮಳೆ ಮುಗಿಯೋ ತನಕ ಮೇಲಿನ ದಾರಿ ಬಂದ್," ಎಂದರು ಮೇಡಂ. "ಸೈಕಲ್ಲಿಗೂ ಬಂದ್, ನಡೆಯೋರಿಗೂ ಬಂದ್."

ದೊಡ್ಡವರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾ ಕಾರು ಹತ್ತಿದರು. ಆ ಜಗಳದಲ್ಲಿ ಒಬ್ಬರಿಗಾದರೂ ಬ್ರಷ್ಷಿನ ನೆನಪು ಬರಲಿಲ್ಲ.

"ವಿಡಿಯೋ ಪೂರ್ತಿ ನೋಡಿರ್ಲಿಲ್ವೇನೇ?" ಡೆಜ್ ಗೊಣಗಿದ.

"ಇಪ್ಪತ್ತು ಸಲ ನೋಡಿದ್ದೆ ಕಣೋ," ಎಂದಳು ಟೆಗನ್. "ಬರೀ ಅವರನ್ನೇ ನೋಡಿದ್ದೆ."

ಅವಳು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಬ್ರಷ್ ತಗೊಂಡಳು. ಹಳೆಯ ಕೆಸರು ಒಣಗಿ ಕಲ್ಲಾಗಿತ್ತು. ಉಜ್ಜಿದಳು, ಉಗುರಿನಿಂದ ಕೆರೆದಳು. ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ಕಾರು ಹತ್ತದೆ ಉಳಿದಿದ್ದ ಮಿಸೆಸ್ ಹ್ಯಾಡೋ.

"ಬೇಗ ಮುಗಿಸೇ. ನಂಗೂ ಬೇಕು ಅದು."

"ಬೇಗ ಆಗಲ್ಲ. ಇನ್ನೊಂದು ಟೈರಿದೆ."

ಮಿಸೆಸ್ ಹ್ಯಾಡೋ ಅವಳ ಟೈರು ನೋಡಿದರು, ತಮ್ಮ ಕಾಲು ನೋಡಿಕೊಂಡರು. ಆಮೇಲೆ ಪಕ್ಕದ ಕಲ್ಲಿನ ಮೇಲೆ ಕೂತು, ಶೂ ಲೇಸು ಬಿಚ್ಚತೊಡಗಿದರು.