ಜೈಲಿಗೆ ಹೋದವರ ಯಾದಿ

2006ರ ನವೆಂಬರ್ 13, ಸೋಮವಾರ. ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಕಾರವಾರದ ಪೊಲೀಸ್ ಠಾಣೆಗೆ ಒಂದು ಕಳವಿನ ದೂರು ಬಂತು. ಕಳವಾದ ವಸ್ತು ದೂರುದಾರರ ಕೈಯಲ್ಲೇ ಇತ್ತು.

ದೂರುದಾರರ ಹೆಸರು ವೈಜಯಂತಿ, ವಯಸ್ಸು 63, ನಿವೃತ್ತ ಶಿಕ್ಷಕಿ, ವಾಸ ಕೋಡಿಬಾಗ. ಅವರು ಚೀಲದಿಂದ ಬಟ್ಟೆ ಸುತ್ತಿದ ಹಳೆಯ ನೋಟುಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಸಬ್ ಇನ್ಸ್‌ಪೆಕ್ಟರ್ ವಿಕಾಸ ಅದನ್ನೊಮ್ಮೆ, ಗೋಡೆಯ ಗಡಿಯಾರವನ್ನೊಮ್ಮೆ ನೋಡಿದರು.

"ಇದು ಕಳುವಾಗಿತ್ತು."

"ಸಿಕ್ತಲ್ಲ ಅಕ್ಕೋರೆ. ಮತ್ತೆಂಥ ಕಂಪ್ಲೇಂಟು?"

"ಕದ್ದವನೇ ವಾಪಸ್ ತಂದಿಟ್ಟು ಹೋಗಿದ್ದಾನೆ. ಒಂದು ಹಾಳೆ ಬದಲು ಮಾಡಿ."

ಮೂರು ವರ್ಷದಿಂದ ಬೈಕು, ಬಲೆ, ಮೋಟಾರು ಪಂಪುಗಳ ಕಳವು ಬರೆದುಕೊಳ್ಳುತ್ತ ಬಂದಿದ್ದ ವಿಕಾಸರಿಗೆ ನಗು ಬಂತು. ಕಾಗದ ಕದಿಯುವವರೂ ಇದ್ದಾರೆಯೇ, ಕದ್ದು ಮರಳಿಸುವಷ್ಟು ಸಜ್ಜನರೂ ಇದ್ದಾರೆಯೇ! ಆದರೆ ವೈಜಯಂತಿಯವರು ಎದ್ದು ಹೋಗುವ ಪೈಕಿಯಲ್ಲ. ಮೂವತ್ತೈದು ವರ್ಷ ನಾಲ್ಕನೇ ಇಯತ್ತೆಗೆ ಪಾಠ ಹೇಳಿದವರು. ಪಿಎಸ್‌ಐ ಸಾಹೇಬರಿಗೂ ಅದೇ ದನಿಯಲ್ಲಿ ಹೇಳಿದರು.

ಹನ್ನೊಂದು ವರ್ಷದಿಂದ ಅವರು ಒಂದು ಕೈಪಿಡಿ ಬರೆಯುತ್ತಿದ್ದರು. ಕಾರವಾರ, ಅಂಕೋಲೆ ಕಡೆಯ ಜನ ತಮ್ಮ ಊರಿನ, ಮನೆತನದ ಚರಿತ್ರೆ ಹುಡುಕಲು ಹೊರಟರೆ ಯಾವ ದಾಖಲೆ ಎಲ್ಲಿದೆ, ಯಾರ ಬಳಿ ಇದೆ, ಯಾವ ಲಿಪಿಯಲ್ಲಿದೆ ಎಂದು ತೋರಿಸುವ ಪುಸ್ತಕ. ಜನನ-ಮರಣದ ರಜಿಸ್ಟರ್, ಶಾಲೆಯ ದಾಖಲಾತಿ, ಜಮೀನಿನ ಕಾಗದ, ಹಳೆ ಪಂಚಾಂಗ ಸೇರಿ ನೂರಾ ಹದಿನೇಳು ನಮೂದುಗಳು. ಅಷ್ಟನ್ನೂ ಬಸ್ಸು ಹತ್ತಿ, ಬಾಗಿಲು ತಟ್ಟಿ, ಬೈಸಿಕೊಂಡು ಕೂಡಿಸಿದ್ದು. ಕೆಲವು ಕಾಗದಗಳನ್ನು ಜನ ಅವರ ಮನೆಯಲ್ಲೇ ಇಟ್ಟಿದ್ದರು. ಊರಿನ ದೊಡ್ಡ ಮನುಷ್ಯರು ಅತ್ತ ತಲೆ ಹಾಕಿಯೂ ಮಲಗಿರಲಿಲ್ಲ. ಅವರಿಗೆ ಬೇಕಾದದ್ದು ಚರಿತ್ರೆಯಲ್ಲ, ಚರಿತ್ರೆಯೊಳಗೆ ತಮ್ಮ ಅಜ್ಜನ ಫೋಟೋ.

ನಮೂದು 41, 'ಜೈಲಿಗೆ ಹೋದವರ ಯಾದಿ'. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕಡಲ ದಂಡೆಯಿಂದ ಜೈಲಿಗೆ ಹೋದವರ ಹೆಸರನ್ನು ಆಗಿನ ಮಾಸ್ತರೊಬ್ಬರು ಬರೆದಿಟ್ಟ ಪುಸ್ತಕ. ಈಗ ಅದು ಚಿತ್ತಾಕುಲದ ಹೊನ್ನಮ್ಮ ಎಂಬ ಮುದುಕಿಯ ಸೊತ್ತು. ಒಬ್ಬೊಬ್ಬರಿಗೆ ಒಂದೊಂದು ಹಾಳೆ; ಒಂಬತ್ತನೇ ಹಾಳೆಯಲ್ಲಿ ಅವಳ ಅಪ್ಪ ಜಟ್ಟುವಿನ ಹೆಸರಿತ್ತು.

"ಜಟ್ಟು ಜೈಲಿಗೆ ಹೋಗಿದ್ದಕ್ಕೆ ಜಗತ್ತಿನಲ್ಲಿ ಇದೊಂದೇ ಕಾಗದ. ಬೇರೆ ಕಡೆ ಎಲ್ಲಾ ಹುಡುಕಿ ನೋಡಿದ್ದೇನೆ ನಾನು," ಎಂದರು ವೈಜಯಂತಿ. "ನೋಡಿ, ಈಗ ಜಟ್ಟುವೇ ಇಲ್ಲ. ಆ ಜಾಗದಲ್ಲಿ ದುರ್ಗಪ್ಪ ಅಂತ ಬಂದು ಕೂತಿದ್ದಾನೆ."

"ಈ ದುರ್ಗಪ್ಪ ಯಾರು?"

"ಅಂಕೋಲೆಯ ತುಳಸಿದಾಸರ ಅಜ್ಜ."

ವಿಕಾಸರ ನಗು ನಿಂತಿತು. ತುಳಸಿದಾಸ ಯಾರೆಂದು ಜಿಲ್ಲೆಗೇ ಗೊತ್ತು. ರಸ್ತೆ ಗುತ್ತಿಗೆದಾರ, ನಾಲ್ಕು ಸಮಿತಿಗಳ ಅಧ್ಯಕ್ಷ, ಶಾಲು ಹೊದೆಸಿಕೊಂಡು ಪಳಗಿದ ಹೆಗಲು. ಇದೇ 26ಕ್ಕೆ ಅಂಕೋಲೆಯಲ್ಲಿ 'ಸ್ವಾತಂತ್ರ್ಯ ಯೋಧ ದುರ್ಗಪ್ಪ ಮಹಾದ್ವಾರ'ದ ಉದ್ಘಾಟನೆ. ಆಮಂತ್ರಣ ಪತ್ರಿಕೆಯೊಂದು ಠಾಣೆಯ ಗಾಜಿನಡಿಯಲ್ಲೂ ಇತ್ತು. ಅದರಲ್ಲಿ ಕಲಾವಿದ ಊಹಿಸಿ ಬರೆದ ಅಜ್ಜನ ಚಿತ್ರ ಅಂಗುಷ್ಠದಷ್ಟು, ಮೊಮ್ಮಗನದ್ದು ಅಂಗೈಯಷ್ಟು.

ಮಧ್ಯಾಹ್ನ 12.05ಕ್ಕೆ ಅಪರಾಧ ಸಂಖ್ಯೆ 184/2006ರಂತೆ ಎಫ್‌ಐಆರ್ ದಾಖಲಾಯಿತು. ಭಾರತೀಯ ದಂಡ ಸಂಹಿತೆ ಕಲಂ 380, 465, 471. ಕಳವು, ಸುಳ್ಳು ದಾಖಲೆ ಸೃಷ್ಟಿ, ಅದನ್ನು ಖರೆಯೆಂದು ಬಳಸಿದ್ದು. 'ಆರೋಪಿ' ಎಂಬ ಕಡೆ ವಿಕಾಸ ಸದ್ಯಕ್ಕೆ 'ಅಪರಿಚಿತ' ಎಂದು ಬರೆದರು. ಅಜ್ಜನ ಹೆಸರು ಬಂದ ಮಾತ್ರಕ್ಕೆ ಮೊಮ್ಮಗನನ್ನು ಹಿಡಿದರೆ, ಹೆಸರು ಮೊದಲಿಂದಲೂ ಅಲ್ಲೇ ಇತ್ತು ಎಂದು ಅವನ ವಕೀಲ ಹೇಳುತ್ತಾನೆ. ಹಾಳೆ ಸುಳ್ಳೆಂದು ಮೊದಲು ತೋರಿಸಬೇಕು.

ಮಧ್ಯಾಹ್ನ 2.15, ಕೋಡಿಬಾಗದ ಮನೆಯಲ್ಲಿ ಸ್ಥಳ ಪಂಚನಾಮೆ. ಜೊತೆಗೆ ಇಬ್ಬರು ಪಂಚರು ಮತ್ತು ಮಹಿಳಾ ಕಾನ್‌ಸ್ಟೇಬಲ್ ನಾಗಶ್ರೀ. ದಾಖಲೆಗಳು ಎರಡು ಕಬ್ಬಿಣದ ಟ್ರಂಕುಗಳಲ್ಲಿದ್ದವು. ನೋಡಲು ಬರುವವರಿಗೆ ಭಾನುವಾರ ಮಾತ್ರ ಅವಕಾಶ. ಬಂದವರು ಹೆಸರು, ಸಮಯ, ನೋಡಿದ ನಮೂದಿನ ಸಂಖ್ಯೆ ಬರೆದು ಸಹಿ ಹಾಕಬೇಕು. ವೈಜಯಂತಿಯವರ ಈ ಕಟ್ಟುನಿಟ್ಟನ್ನು ಕಂಡು ಹಿಂದೆ ಎಷ್ಟೋ ಜನ ಮೂಗು ಮುರಿದಿದ್ದರು.

ನವೆಂಬರ್ 5, ಬೆಳಿಗ್ಗೆ 11.10: ತುಳಸಿದಾಸ, ನಮೂದು 40. ನವೆಂಬರ್ 12, ಬೆಳಿಗ್ಗೆ 10.30: ತುಳಸಿದಾಸ, ನಮೂದು 40.

"ನಲವತ್ತು ಅಂದ್ರೆ ಎಂಥದು?" ವಿಕಾಸ ಕೇಳಿದರು.

"ಮೋಡಿ ಲಿಪಿಯ ಹಳೆ ಮರಾಠಿ ಪತ್ರಗಳು. ನಲವತ್ತೊಂದರ ಪಕ್ಕದಲ್ಲೇ ಇರ್ತವೆ."

"ಅವರಿಗೆ ಮೋಡಿ ಓದೂಕೆ ಬತ್ತದ್ಯಾ?"

"ಅವರ ಕನ್ನಡ ಭಾಷಣವನ್ನೇ ಬೇರೆಯವರು ಬರ್ದು ಕೊಡೂದು. ಎರಡೂ ಸಲ ಚಾ ಬೇಕು ಅಂದ್ರು. ನಾನು ದಡ್ಡಿ, ಒಳಗೆ ಹೋಗಿ ಚಾ ಮಾಡಿದೆ. ಐದನೇ ತಾರೀಕು ಸಂಜೆ ಪುಸ್ತಕ ಇರ್ಲಿಲ್ಲ. ನಾನೇ ಎಲ್ಲೋ ಇಟ್ಟೆ ಹೇಳಿ ವಾರವೆಲ್ಲ ಮನೆ ಬುಡಮೇಲು ಮಾಡ್ದೆ. ನಿನ್ನೆ ಸಂಜೆ ನೋಡಿದ್ರೆ ಟ್ರಂಕಲ್ಲೇ ಇದೆ."

ಅಷ್ಟರಲ್ಲಿ ನಾಗಶ್ರೀ ಒಂಬತ್ತನೇ ಹಾಳೆಯನ್ನು ಪಂಚರಿಗೆ ಓದಿ ಹೇಳತೊಡಗಿದ್ದಳು. ಮಾಸ್ತರು ಉಳಿದವರಿಗೆಲ್ಲ ತಲಾ ಮೂರು ಸಾಲು ಬರೆದಿದ್ದರು. ದುರ್ಗಪ್ಪನಿಗೆ ಹತ್ತೊಂಬತ್ತು. 'ತಾರೀಖು 3-8-1930ರ ನಸುಕಿನಲ್ಲಿ ವೀರ ದುರ್ಗಪ್ಪನು ನಡುಗಡಲಿನಲ್ಲಿ ಬಲೆ ಬೀಸುತ್ತಿರುವಾಗ, ದೋಣಿಯಲ್ಲಿ ಅಡಗಿಸಿದ ಉಪ್ಪಿನ ಸಮೇತ ಸೆರೆ ಸಿಕ್ಕು, ಎದೆ ಸೆಟೆಸಿ ನಿಂತು...' ಅವಳು ಓದುವುದನ್ನು ಬಿಟ್ಟು ಪಕ್ಕೆಂದು ನಕ್ಕಳು.

"ಎಂಥಾತು?" ವಿಕಾಸ ಗದರಿದರು.

"ಸರ್, ಆ ವರ್ಷ ನೂಲ ಹುಣ್ಣಿಮೆ ಯಾವಾಗ ಬಂದಿತ್ತು?"

ನಾಗಶ್ರೀಯ ಅಪ್ಪ, ಅಣ್ಣ ಇಬ್ಬರೂ ಕಡಲಿಗೆ ಹೋಗುವವರು. ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡುವ ತನಕ ದೋಣಿಯನ್ನು ನಡುಗಡಲಿಗೆ ಇಳಿಸುವುದಿಲ್ಲ. ಮೋಟಾರಿಲ್ಲದ ಕಾಲದಲ್ಲಿ ಆ ಕಟ್ಟು ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ. ಮುರಿದರೆ ಅವನ ಮೀನು ಯಾರೂ ಮುಟ್ಟುತ್ತಿರಲಿಲ್ಲ.

ವೈಜಯಂತಿಯವರು ಎರಡನೇ ಟ್ರಂಕಿನಿಂದ ನಮೂದು 12 ತೆಗೆದರು, ಹಳೆ ಪಂಚಾಂಗಗಳ ಕಟ್ಟು. 1930ರಲ್ಲಿ ನೂಲ ಹುಣ್ಣಿಮೆ ಬಿದ್ದದ್ದು ಆಗಸ್ಟ್ 9ಕ್ಕೆ.

"ಆರು ದಿವಸ ಮೊದಲೇ ಕಡಲಿಗಿಳಿದ್ನಾ ಈ ವೀರ?" ಎಂದಳು ನಾಗಶ್ರೀ. "ನಮ್ಮ ಕೇರಿಯ ಸಣ್ಣ ಪೋರಿಗೆ ಕೇಳಿದ್ರೂ ಇಂಥ ಸುಳ್ಳು ಬರೀತಿರ್ಲಿಲ್ಲ."

ಪಂಚಾಂಗ ಜಪ್ತಾಯಿತು.

14ರಂದು ಬೆಳಿಗ್ಗೆ 9.30ಕ್ಕೆ ಕಾಳಿ ಸೇತುವೆ ದಾಟಿ ಚಿತ್ತಾಕುಲಕ್ಕೆ ಹೋಗಿ ಹೊನ್ನಮ್ಮನ ಹೇಳಿಕೆ ಪಡೆದರು. ವಯಸ್ಸು 81, ಓದು ಬರಹ ಇಲ್ಲ. ಸಾಕ್ಷಿಯ ಬಾಯಿಗೆ ಮಾತು ಹಾಕಬಾರದೆಂದು, ಹೊಸ ಹಾಳೆಯಲ್ಲಿ ಯಾರ ಹೆಸರಿದೆಯೆಂದು ವಿಕಾಸ ಹೇಳಲಿಲ್ಲ.

"ಹಾಳೆಯಲ್ಲಿ ಏನು ಬರೆದಿತ್ತು ಅಮ್ಮ?"

"ನಂಗೆ ಓದೂಕೆ ಬತ್ತದ್ಯಾ ಸಾಯ್ಬ್ರೆ? ಅಪ್ಪನ ಹೆಸರಿತ್ತು. ಅಕ್ಕೋರು ಬೆರಳಿಟ್ಟು ತೋರ್ಸಿದ್ರು. ಆಮೇಲೆ ನಾನೇ ಅಲ್ಲಿ ಬೆರಳಿಡ್ತಿದ್ದೆ."

"ಬೇರೆ ಪುರಾವೆ?"

"ಇಲ್ಲ. ಪೆನ್ಶನ್ನು ಬ್ಯಾಡ, ಮತ್ತೊಂದು ಬ್ಯಾಡ. ಅಕ್ಕೋರ ಪುಸ್ತಕದಲ್ಲಿ ಅಪ್ಪನ ಹೆಸರು ಬರ್ಲಿ. ಇಲ್ದಿದ್ರೆ ನಾ ಸತ್ತ ಮರುದಿವಸ ಅಂವ ಜೈಲಿಗೆ ಹೋಗೇ ಇಲ್ಲ ಹೇಳಾಗ್ತದೆ."

ನವೆಂಬರ್ 16, ಗುರುವಾರ. ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆದು, ಮಧ್ಯಾಹ್ನ 3 ಗಂಟೆಗೆ ಅಂಕೋಲೆಯ ತುಳಸಿದಾಸನ ಮನೆಗೆ ತಲುಪಿದರು. ಹಜಾರದ ಗೋಡೆಗೆ ಸನ್ಮಾನ ಪತ್ರಗಳು. ಗಾಜಿನ ಕಪಾಟಿನಲ್ಲಿ ಗಂಧದ ಹಾರಗಳು, ಅವುಗಳ ಪರಿಮಳವೆಲ್ಲ ಹೋಗಿ ನುಸಿ ಹಿಡಿದಿತ್ತು. ಅಂಥ ಹಾರವನ್ನೂ ಎಸೆಯಲಾರದ ಮನುಷ್ಯ.

"ಬರ್ರಿ ಸಾಹೇಬ್ರೆ, ಬಂದೋಬಸ್ತಿನ ವಿಷಯ ಅಲ್ಲೇನ್ರಿ?"

"ಐದನೇ ತಾರೀಕು ಕೋಡಿಬಾಗಕ್ಕೆ ಯಾಕೆ ಹೋಗಿದ್ರಿ?"

"ಸಂಶೋಧನೆಗೆ."

"ಏನು ಓದಿದ್ರಿ?"

"ಮೋಡಿ ಪತ್ರ."

"ಏನಿತ್ತು ಅದ್ರಲ್ಲಿ?"

"ಅದೇ... ಹಳೆ ಕಾಲದ್ದು."

ವಿಕಾಸ ಆ ಪತ್ರಗಳಲ್ಲಿ ಒಂದನ್ನು ಮುಂದಿಟ್ಟರು. ತುಳಸಿದಾಸ ಅದನ್ನು ತಲೆಕೆಳಗಾಗಿ ಹಿಡಿದು ಕನ್ನಡಕ ಸರಿಮಾಡಿಕೊಂಡ. ನಾಗಶ್ರೀ ಮೆಲ್ಲಗೆ ಅದನ್ನು ತಿರುಗಿಸಿ ಕೊಟ್ಟಳು.

"ನಿಮ್ಮಜ್ಜ ಆಗಸ್ಟ್ ಮೂರಕ್ಕೆ ನಡುಗಡಲಲ್ಲಿದ್ರು?"

"ಇದ್ರು. ಮಳೆಗಾಲದ ನಿಷೇಧ ಮುಗ್ದಿತ್ತಲ್ಲ."

"ಯಾವ ನಿಷೇಧ?"

"ಸರ್ಕಾರದ್ದು."

"ಅದು ಈಗಿನ ಯಾಂತ್ರಿಕ ದೋಣಿಗೆ ಈಗಿನ ಸರ್ಕಾರ ಮಾಡಿದ್ದು," ಎಂದಳು ನಾಗಶ್ರೀ. "ನಿಮ್ಮಜ್ಜನಿಗೆ ಹುಣ್ಣಿಮೆ ಇತ್ತು, ನಿಷೇಧ ಇರ್ಲಿಲ್ಲ. ಯಾವಾಗಾದ್ರೂ ದೋಣಿಗೆ ಕಾಲಿಟ್ಟೀರಾ ನೀವು?"

ಪ್ರತಿ ವೇದಿಕೆಯಲ್ಲೂ 'ನಾನು ಕಡಲ ಮಗ' ಎನ್ನುತ್ತಿದ್ದ ತುಳಸಿದಾಸನಿಗೆ ಕಡಲ ಬಗ್ಗೆ ಗೊತ್ತಿದ್ದದ್ದು ಪೇಪರಿನಲ್ಲಿ ಬರುವ ಸರ್ಕಾರಿ ಪ್ರಕಟಣೆಯಷ್ಟೇ. ಥೂ!

3.40ರಿಂದ ಶೋಧನೆ. ಮೇಜಿನ ಮೂರನೇ ಡ್ರಾಯರಿನಲ್ಲಿ, ಬೀಗದೊಳಗೆ, ಒಂದು ರಟ್ಟಿನ ಫೈಲು ಸಿಕ್ಕಿತು. ಒಳಗೆ ಹಳೆ ಪುಸ್ತಕದ ಖಾಲಿ ಹಾಳೆಗಳು, ಒಂದು ಶಾಯಿ ಬಾಟಲಿ, ಮತ್ತು ಅಭ್ಯಾಸ ಮಾಡಿದ ಒಂಬತ್ತು ಹಾಳೆಗಳು. ಮಾಸ್ತರ ಅಕ್ಷರ ಕೈಗೆ ಕೂರಲೆಂದು ತುಳಸಿದಾಸ ಒಂದೇ ಒಕ್ಕಣೆಯನ್ನು ಒಂಬತ್ತು ಸಲ ನಕಲು ಮಾಡಿದ್ದ. ಮೊದಲ ಹಾಳೆ ಕೋಳಿ ಕೆದರಿದ ಹಾಗಿತ್ತು, ಕೊನೆಯದು ಅಚ್ಚು ಮಾಸ್ತರದೇ. ಅಷ್ಟು ಚೆನ್ನಾಗಿ ಬಂದ ಕೈಬರಹವನ್ನು ಹರಿದು ಹಾಕಲು ಅವನಿಗೆ ಮನಸ್ಸು ಬಂದಿರಲಿಲ್ಲ.

ನಾಗಶ್ರೀ ಒಂದನ್ನು ಓದಿದಳು. ಆಮೇಲೆ ಎರಡನೆಯದನ್ನು, ಮೂರನೆಯದನ್ನು.

"ಸರ್, ಇದು ದುರ್ಗಪ್ಪಂದಲ್ಲ."

'ಜಟ್ಟು, ವಾಸ ಚಿತ್ತಾಕುಲ, ಕಸುಬು ಮೀನುಗಾರಿಕೆ. ತಾ. 19-4-1930ರಂದು ಉಪ್ಪು ಹೊತ್ತು ತರುವಾಗ ಹಿಡಿದರು. ಆರು ತಿಂಗಳ ಶಿಕ್ಷೆ, ಮಾಫಿ ಬರೆದುಕೊಡಲಿಲ್ಲ.'

ಒಂಬತ್ತರಲ್ಲೂ ಅದೇ ಮೂರು ಸಾಲು.

"ಅಸಲು ಹಾಳೆ ಎಲ್ಲಿ?" ವಿಕಾಸರ ದನಿ ಈಗ ಬೇರೆಯಾಗಿತ್ತು.

"ಬಚ್ಚಲ ಒಲೆಗೆ ಹಾಕಿದೆ."

"ಒಬ್ಬ ಮನುಷ್ಯ ಆರು ತಿಂಗಳು ಜೈಲಲ್ಲಿ ಕೊಳೆತದ್ದನ್ನ ಸ್ನಾನದ ನೀರು ಕಾಯ್ಸೂಕೆ ಹಾಕಿದ್ರಾ?"

ಸಂಜೆ 4.50ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. 5.10ಕ್ಕೆ ತುಳಸಿದಾಸನನ್ನು ದಸ್ತಗಿರಿ ಮಾಡಲಾಯಿತು. ಎದೆ ಸೆಟೆಸಲಿಲ್ಲ. ಬೆನ್ನು ನೋವು, ಜೀಪಿನ ಮುಂದಿನ ಸೀಟು ಕೊಡಿ ಎಂದ. ಕೊಡಲಿಲ್ಲ.

ಠಾಣೆಯಲ್ಲಿ ಯಾಕೆ ಮಾಡಿದೆ ಎಂದು ಕೇಳಿದಾಗ ಹೇಳಿದ. ಎರಡು ವರ್ಷದ ಹಿಂದೆ ಒಂದು ಸಭೆಯಲ್ಲಿ ಒಬ್ಬೊಬ್ಬರೂ ತಮ್ಮ ಹಿರಿಯರು ಏನು ಮಾಡಿದ್ದರೆಂದು ಹೇಳುತ್ತಿದ್ದರಂತೆ. ಇವನ ಸರದಿ ಬಂದಾಗ, "ಅಜ್ಜ ಮೀನು ಹಿಡೀತಿದ್ದ," ಎಂದನಂತೆ. ಯಾರೂ ನಗಲಿಲ್ಲ, ಹೀಯಾಳಿಸಲಿಲ್ಲ. ನಿರೂಪಕ 'ಒಳ್ಳೇದು' ಎಂದು ಮುಂದಿನವರ ಹೆಸರು ಕರೆದ. ಅಷ್ಟೇ. ಅಷ್ಟಕ್ಕೇ ಈ ಮನುಷ್ಯ ಸತ್ತು ಮಣ್ಣಾದ ಒಬ್ಬನ ಹೆಸರನ್ನು ಸುಟ್ಟು, ಅಲ್ಲಿ ತನ್ನ ಅಜ್ಜನನ್ನು ಕೂರಿಸಿದ್ದ.

17ರ ಬೆಳಿಗ್ಗೆ, ಆರೋಪಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಮೊದಲು, ವೈಜಯಂತಿಯವರು ಹೊನ್ನಮ್ಮನನ್ನು ಕರೆದುಕೊಂಡು ಠಾಣೆಗೆ ಬಂದರು. ವಿಕಾಸ ಒಂಬತ್ತು ಹಾಳೆಗಳನ್ನು ತೋರಿಸಿದರು. ವೈಜಯಂತಿ ಮೂರು ಸಾಲು ಓದಿ ಹೇಳಿದರು. ಹೊನ್ನಮ್ಮ ಪ್ರತಿಯೊಂದರ ಮೇಲೂ ಬೆರಳಿಟ್ಟು, "ಇಲ್ಲೂ ಇದೆಯಾ? ಇಲ್ಲೂ?" ಎಂದು ಕೇಳಿದಳು. ವೈಜಯಂತಿಯವರು ಅಲ್ಲೇ ನಿಂತು ಕೈಪಿಡಿಯ ಹಸ್ತಪ್ರತಿ ತಿದ್ದಿದರು. ನಮೂದು 41, ಒಂಬತ್ತನೇ ಹಾಳೆ: ಅಸಲು ನಾಶವಾಗಿದೆ, ನಕಲುಗಳಿಗೆ ನೋಡಿ, ಅಪರಾಧ ಸಂಖ್ಯೆ 184/2006, ಜಪ್ತಿ ವಸ್ತು 3ರಿಂದ 11.

"ಮಾಡಿದಂವ ಯಾರು?" ಹೊನ್ನಮ್ಮ ಕೇಳಿದಳು.

ವಿಕಾಸ ಬೆಂಚಿನ ಕಡೆ ತೋರಿಸಿದರು. "ತುಳಸಿದಾಸ. ಇವರ ಅಜ್ಜ ದುರ್ಗಪ್ಪ, ಮೂಲ ನಿಮ್ಮ ಚಿತ್ತಾಕುಲದವರೇ."

ಮುದುಕಿ ಬೆಂಚಿನ ಹತ್ತಿರ ಹೋಗಿ ಅವನ ಮುಖ ನೋಡಿದಳು.

"ದುರ್ಗಪ್ಪಣ್ಣನ ಮೊಮ್ಮಗನಾ ನೀನು? ಅಯ್ಯೋ ನಿನ್ನ! ಅಪ್ಪ ಜೈಲಲ್ಲಿದ್ದ ಆರು ತಿಂಗಳೂ ನಿಮ್ಮಜ್ಜ ಅಪ್ಪನ ಪಾಲು ಅಂತ ಮೀನು ತಂದು ನಮ್ಮ ಬಾಗಿಲಲ್ಲಿ ಇಡ್ತಿದ್ದ. ಮಳೆಗಾಲದಲ್ಲಿ ಒಣಮೀನು. ನಂಗೆ ಐದು ವರ್ಷ ಆಗ. ತಿಂದು ಬದುಕಿದ್ದೇ ಅದನ್ನ. ಅಂವ ಜೈಲಿಗೆ ಹೋಗ್ಲಿಲ್ಲ. ಗಂಡಸ್ರೆಲ್ಲ ಹೋದ್ರೆ ಮಕ್ಕಳಿಗೆ ಉಣಿಸೂದು ಯಾರು? ನಿಂಗೆ ಯಾರೂ ಹೇಳ್ಲೇ ಇಲ್ವಾ?"

ವಿಕಾಸ ಪೆನ್ನು ತೆಗೆದರು. "ಇದನ್ನೂ ನಿಮ್ಮ ಹೇಳಿಕೆಯಲ್ಲಿ ಬರ್ಕೊಳ್ಳಲಾ ಅಮ್ಮ?"

"ಬರ್ಕೊಳ್ಳಿ. ಅಂವ ಒಳ್ಳೆಯಂವ."

ಅಜ್ಜನ ಬಗ್ಗೆ ಲೆಕ್ಕವಿಲ್ಲದಷ್ಟು ಭಾಷಣ ಮಾಡಿದ್ದ ತುಳಸಿದಾಸ ತಲೆಯೆತ್ತಿದ. "ಅಜ್ಜಿ, ಅಂವ ಹೇಗಿದ್ದ ನೋಡೂಕೆ?" ಎಂದು ಕೇಳಿದ.

ಹೊನ್ನಮ್ಮ ವೈಜಯಂತಿಯವರ ಕೈ ಹಿಡಿದು ಮೆಟ್ಟಿಲಿಳಿದಳು. 10.25ಕ್ಕೆ ಆರೋಪಿಯನ್ನು ಜೀಪಿಗೆ ಹತ್ತಿಸಿದರು.