ಬೈಗುಳಕ್ಕಾಗಿ ಕಾದವಳು

“ಫಲಿತಾಂಶ ತುಂಬಾ ಚೆನ್ನಾಗಿದೆ!”

ಡಾಕ್ಟರು ನಗುತ್ತಾ ಕಾಗದದ ಮೇಲೆ ಸರಿ ಗುರುತು ಹಾಕಿದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಏನ್ ಚೆನ್ನಾಗಿದೆ ಡಾಕ್ಟ್ರೇ? ನನ್ನ ಗಂಡ ಎಲ್ಲಿ?”

“ಪಕ್ಕದಲ್ಲೇ ಕೂತಿದ್ದಾರಲ್ಲಮ್ಮಾ...”

“ಇವರಲ್ಲ!”

ಪಕ್ಕದಲ್ಲಿ ಕೂತಿದ್ದ ಅವಳ ಬಡಗಿ ಗಂಡ ಗೋಡೆ ನೋಡುತ್ತಿದ್ದ. ಮೂರು ತಿಂಗಳ ಹಿಂದೆ ಏಣಿಯಿಂದ ಬಿದ್ದು, ಹಣೆಯ ಹಿಂದಿನ ಮಿದುಳು ಎರಡೂ ಕಡೆ ಜಜ್ಜಿಹೋಗಿತ್ತು. ಮೊದಲ ದಿನ ಮಾತಾಡುತ್ತಲೇ ಇದ್ದ. ನಾಲ್ಕನೇ ದಿನ ಬಾವು ಏರಿ ಪ್ರಜ್ಞೆ ತಪ್ಪಿತು. ಹಾಗಾಗಬಹುದೆಂದು ಊಹಿಸಿ, ಅವನನ್ನು ಐಸಿಯುನಿಂದ ಕದಲಿಸದೆ ಉಳಿಸಿಕೊಟ್ಟವರು ಇದೇ ಡಾಕ್ಟರು. ಅವಳಿಗೆ ಅದೂ ಗೊತ್ತು. ಆದರೂ ಕೋಪ!

“ನಡೀತಾರೆ, ಊಟ ಮಾಡ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡ್ತಾರೆ. ನಮ್ಮ ಲೆಕ್ಕದಲ್ಲಿ ಇದು ಒಳ್ಳೇ ಚೇತರಿಕೆ.”

“ನಿಮ್ಮ ಲೆಕ್ಕಕ್ಕೆ ಬೆಂಕಿ ಹಾಕ! ಏಳಿ ಅಂದ್ರೆ ಏಳ್ತಾರೆ, ಕೂರಿ ಅಂದ್ರೆ ಕೂರ್ತಾರೆ. ಮೂಗಿನ ತುದೀಲಿ ಕೋಪ ಇಟ್ಕೊಂಡಿದ್ದ ಮನುಷ್ಯ ಇವರು. ಈಗ ಎಲ್ಲದಕ್ಕೂ ‘ಹೂಂ’!”

ಡಾಕ್ಟರು ಪೆನ್ನು ಕೆಳಗಿಟ್ಟರು. “ಏನಾದ್ರೂ ಮಾಡು ಅಂತ ಮನುಷ್ಯನ್ನ ಎಬ್ಬಿಸೋದೇ ಮಿದುಳಿನ ಆ ಪೆಟ್ಟು ಬಿದ್ದ ಭಾಗ ಕಣಮ್ಮಾ. ಆ ಹುರುಪು ಯಾವಾಗ ಬರುತ್ತೆ, ಎಷ್ಟು ಬರುತ್ತೆ ಅಂತ ಹೇಳೋ ಲೆಕ್ಕ ನನ್ನ ಹತ್ರ ಇಲ್ಲ. ಅವರಿಗೆ ಇಷ್ಟವಾದ ಕೆಲಸದ ಹತ್ರ ಕೂರಿಸಿ ನೋಡಿ.”

ಮನೆಯಲ್ಲಿ ಅತ್ತೆಗೆ ಮಾತ್ರ ನೆಮ್ಮದಿ.

“ಗಂಡ ಬೈಯಲ್ಲ ಅಂತ ಅಳೋಳನ್ನ ಇವತ್ತೇ ನೋಡಿದ್ದು! ಹಸು ಥರ ಇದ್ದಾನೆ, ಪುಣ್ಯ ಅನ್ಕೋ.”

“ಹಸುನ ಮದುವೆ ಆಗಿದ್ನಾ ನಾನು?”

ಅವನು ಒಂದು ಬೈದರೆ ಅವಳು ಹತ್ತು ಬೈಯುತ್ತಿದ್ದಳು. ಜಗಳವಾಡಿಯೇ ಪ್ರೀತಿಸಿದವರು ಅವರು. ‘ಕೋಪದ ಜೊತೆ ಪ್ರೀತಿನೂ ಹೋಯ್ತಾ? ನಾನು ಯಾರಾದ್ರೇನು ಇವರಿಗೆ...’

ಅವನು ಬೈಯಲಿ ಎಂದೇ ಉಪ್ಪಿಲ್ಲದ ಅಡುಗೆ ಬಡಿಸಿದಳು. ತಿಂದ. ಅವನ ಹೊಸ ಅಂಗಿಯನ್ನು ಇಸ್ತ್ರಿಯಲ್ಲಿ ಸುಟ್ಟಳು.

“ಹೂಂ.”

ಮರುದಿನ ಬೆಳಗ್ಗೆ ಅವನನ್ನು ಮರಗೆಲಸದ ಕೋಣೆಗೆ ಎಳೆದುಕೊಂಡು ಹೋಗಿ ಕೂರಿಸಿದಳು. ಬಣ್ಣದ ಡಬ್ಬಿ ತಂದಿಟ್ಟಳು. ಯಾರ ಕೈಗೂ ಕೊಡದೆ ಅವನೇ ಮಸೆದಿಡುತ್ತಿದ್ದ ಸಣ್ಣ ಉಳಿಯನ್ನು ಗೋಡೆಯಿಂದ ತೆಗೆದು, ಡಬ್ಬಿಯ ಮುಚ್ಚಳದಡಿ ತುರುಕಿ, ಅವನ ಕಣ್ಣೆದುರೇ ಮೀಟಿದಳು.

ಟಪ್! ಉಳಿಯ ಮೂಲೆ ಮುರಿಯಿತು.

“ಏಯ್! ತಲೆ ಸರಿ ಇದೆಯಾ ನಿಂಗೆ? ಉಳೀಲಿ ಡಬ್ಬಿ ತೆಗೀತಾರಾ? ಕೊಡು ಇಲ್ಲಿ!”

ಅವನು ಎದ್ದು ನಿಂತಿದ್ದ. ಯಾರೂ ಏಳು ಎಂದಿರಲಿಲ್ಲ!

ಅವಳು ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು. “ಮೂರು ತಿಂಗಳು! ಎಲ್ಲಿ ಹಾಳಾಗಿ ಹೋಗಿದ್ರಿ?”

“ಇಲ್ಲೇ ಇದ್ದೆ...” ಅವನು ಒಂದೊಂದೇ ಮಾತು ಹುಡುಕಿದ. “ನೀನು ಅಳೋದು ಕಾಣ್ತಿತ್ತು. ಏನೋ ಹೇಳ್ಬೇಕು ಅನ್ಸೋದು... ಅಷ್ಟರಲ್ಲಿ ಅನ್ಸಿದ್ದೇ ಹೋಗ್ಬಿಡೋದು.”

“ಏನ್ ಹೇಳ್ಬೇಕು ಅನ್ಸೋದು?”

“ನನ್ನ ಬಿಟ್ಟು ಹೋಗ್ಬೇಡ ಅಂತ.”

ಅವಳು ಅವನನ್ನು ಬಿಗಿದಪ್ಪಿಕೊಂಡಳು. “ನಾಳೆ ಮತ್ತೆ ಬೊಂಬೆ ಥರ ಕೂತ್ರೆ?”

“ಕೂತ್ರೂ ಕೂರಬಹುದು ಕಣೇ... ಗೊತ್ತಿಲ್ಲ.”

“ಕೂರಿ. ಗೋಡೇಲಿ ಇನ್ನೂ ಹನ್ನೊಂದು ಉಳಿ ಇವೆ.”

“ಮುಟ್ಟು ನೋಡೋಣ!”